ಮುಂಜಾನೆಗೊಂದು ಲೆಕ್ಕ

ಗಣಿತ ಹೋದ ಮರುದಿನ ನನ್ನನ್ನು ಮಾತಾಡಿಸುವ ಧೈರ್ಯ ನಮ್ಮೂರಿನಲ್ಲಿ ಯಾರಿಗೂ ಇಲ್ಲ. ವರ್ಷವೆಲ್ಲ ನಾನು ಸಿಡುಕಿಯೇ, ಅದನ್ನು ನಾನೇ ಒಪ್ಪುತ್ತೇನೆ. ಆದರೆ ಆ ಒಂದು ದಿನ ಹಾಲಿನವನು ಕೂಡ ಚೊಂಬನ್ನು ಕಟ್ಟೆಯ ಮೇಲಿಟ್ಟು ಸದ್ದಿಲ್ಲದೆ ಹೋಗಿಬಿಡುತ್ತಾನೆ. ಮತ್ತೇನು ಮಾಡಬೇಕು ಹೇಳಿ. ಕೂದಲು ನರೆಯುವವರೆಗೆ ಹೈಸ್ಕೂಲಿನಲ್ಲಿ ಗಣಿತ ಕಲಿಸಿದ ಹೆಂಗಸು ಬೆಳಿಗ್ಗೆ ಎದ್ದು, ತನ್ನದೇ ಕೈಬರಹದ ಸೂತ್ರ ನೋಡಿ, ಇದೇನಪ್ಪಾ ಇದು ಎಂದು ಕಣ್ಣು ಕಣ್ಣು ಬಿಡಬೇಕಾದರೆ ಅವಳಿಗೆ ಸಿಟ್ಟು ಬರದೆ ಇನ್ನೇನು ಬಂದೀತು? ಅಂಥ ಬೆಳಗುಗಳನ್ನು ನಾನು ಪ್ರತಿ ವರ್ಷ ಕಂಡಿದ್ದೇನೆ.

ನಮ್ಮ ಹೈಸ್ಕೂಲಿನಲ್ಲಿ ವಿಷಯಗಳು ಪಾಳಿಯ ಮೇಲೆ ಬರುತ್ತವೆ. ಕನ್ನಡದ ಪಾಳಿ, ವಿಜ್ಞಾನದ ಪಾಳಿ, ಗಣಿತದ ಪಾಳಿ, ಆಮೇಲೆ ಇತಿಹಾಸ, ಆಮೇಲೆ ಭೂಗೋಳ. ಒಂದು ಪಾಳಿ ನಡೆಯುವಾಗ ಬೆಳಗಿನ ಗಂಟೆಯಿಂದ ಸಂಜೆಯ ಗಂಟೆಯ ತನಕ ಅದೇ ವಿಷಯ, ಅದೇ ಮಾಸ್ತರು, ಅದೇ ಕೋಣೆ. ಪಾಳಿಯ ಕೊನೆಯ ದಿನ ಹುಡುಗರು ಹಲಗೆ ತೊಳೆದು, ಆ ನೀರನ್ನು ಅಂಗಳದ ಬೇವಿನ ಬುಡಕ್ಕೆ ಹಾಕಿ, ಶೇಂಗಾ ಬೆಲ್ಲ ತಿಂದು ಮನೆಗೆ ಹೋಗುತ್ತಾರೆ. ಮರುದಿನ ಏಳುವಷ್ಟರಲ್ಲಿ ಆ ವಿಷಯ ಹೋಗಿರುತ್ತದೆ. ಹುಡುಗರ ತಲೆಯಿಂದ ಮಾತ್ರವಲ್ಲ, ಕಲಿಸಿದವರ ತಲೆಯಿಂದ, ಹಿಂದೆ ಅದೇ ಸಾಲಿಯಲ್ಲಿ ಕಲಿತ ಎಲ್ಲರ ತಲೆಯಿಂದ. ಬರುವ ವರ್ಷ ಅದರ ಪಾಳಿಯ ಗಂಟೆ ಬಾರಿಸಿದಾಗಲೇ ಅದು ಮತ್ತೆ ನಿದ್ದೆಗಣ್ಣಿನಲ್ಲಿ ಒಳಗೆ ಬರುವುದು.

ಊರು ಇದಕ್ಕೆ ಹೊಂದಿಕೊಂಡಿದೆ. ಭೂಗೋಳ ಇಲ್ಲದ ತಿಂಗಳುಗಳಲ್ಲಿ ಮಕ್ಕಳು ದಾರಿ ತಪ್ಪುತ್ತಾರೆಂದು ತಾಯಂದಿರು ಬಾಗಿಲಿಗೆ ಒಂದೊಂದು ಬಣ್ಣದ ಚಿಂದಿ ಕಟ್ಟಿರುತ್ತಾರೆ. ಕನ್ನಡ ಹೋದ ಮೇಲೆ ಮಾತು ಉಳಿಯುತ್ತದೆ, ಓದು ಉಳಿಯುವುದಿಲ್ಲ, ಅದಕ್ಕೇ ನಮ್ಮ ಬಸ್ಸುಗಳ ಹಣೆಯ ಮೇಲೆ ಗಿಳಿ, ಆನೆ, ಹುಲಿಯ ಚಿತ್ರಗಳಿವೆ. ಸಂತೆಯ ಬೆರಳೆಣಿಕೆ ಮಾತ್ರ ಯಾವ ಪಾಳಿಗೂ ಜಗ್ಗುವುದಿಲ್ಲ. ಅದು ಸಾಲಿಯಿಂದ ಬಂದದ್ದಲ್ಲ, ಹೊಟ್ಟೆಯಿಂದ ಬಂದದ್ದು. ಹೊಳೆಯಾಚೆಯ ಊರಿನಲ್ಲಿ ಗಂಟೆಗೊಂದು ಪಾಠವಂತೆ, ದಿನಕ್ಕೆ ಆರು ವಿಷಯವಂತೆ. ಅವರ ಸುದ್ದಿ ಬಂದಾಗಲೆಲ್ಲ ನಮ್ಮವರು ನಗುತ್ತಾರೆ, ಅಲ್ಲಿ ಗಂಟೆ ಹೊಡೆಯುವವನಿಗೆ ಬರೀ ರಟ್ಟೆ ನೋವು ಅನ್ನುತ್ತಾರೆ.

ನಾನೂ ನಕ್ಕವಳೇ. ಆದರೆ ಕೋಣೆಯೊಳಗೆ ನಿಂತವಳಿಗೆ ಗೊತ್ತು. ಪಾಳಿಯ ಮೊದಲರ್ಧ ಹೋದ ವರ್ಷದ್ದನ್ನು ತಟ್ಟಿ ಎಬ್ಬಿಸುವುದರಲ್ಲೇ ಕಳೆಯುತ್ತದೆ. ಉಳಿದರ್ಧದಲ್ಲಿ ಹೊಸದನ್ನು ತುರುಕಬೇಕು. ಮಧ್ಯಾಹ್ನದ ಊಟವಾದ ಮೇಲೆ ಯಾವ ಹುಡುಗನ ತಲೆಯಾದರೂ ಬೀಜಗಣಿತಕ್ಕೆ ನಿಂತೀತೇ? ಹಿಂದಿನ ಬೆಂಚಿನವರು ನಿದ್ದೆಹೋಗುತ್ತಿದ್ದರು, ಮುಂದಿನ ಬೆಂಚಿನವರು ಕಣ್ಣು ತೆರೆದೇ ನಿದ್ದೆಹೋಗುತ್ತಿದ್ದರು. ನನ್ನ ಗಂಟಲು ಸಂಜೆಗೆ ಕಟ್ಟಿಹೋಗುತ್ತಿತ್ತು. ಒಂದು ವಾರ ಜ್ವರ ಬಂದು ಮಲಗಿದ ಮಗುವಿಗೆ ಒಂದು ಅಧ್ಯಾಯವೇ ಇಲ್ಲವಾಗುತ್ತಿತ್ತು, ಅದಕ್ಕೆ ಬರುವ ವರ್ಷವೇ ಗತಿ.

ಹತ್ತನೆಯ ಇಯತ್ತೆಯ ನೀಲಗಂಗಾಗೆ ಮಂಗನಬಾವು ಬಂದದ್ದು ಹಾಗೆಯೇ, ಸರಿಯಾಗಿ ನಾನು ತ್ರಿಕೋನಮಿತಿ ಶುರುಮಾಡಿದ ದಿನ. ಅವಳಿಗೆ ಬರುವ ವರ್ಷ ಎಂಬುದು ಇರಲಿಲ್ಲ. ಅವಳ ತಾಯಿ ಬಸಲಿಂಗವ್ವ ಚುರಮುರಿ ಭಟ್ಟಿ ನಡೆಸುವವಳು. ಒಬ್ಬಳೇ ಹೆಂಗಸು, ಹೊಗೆಯಿಂದ ಕಣ್ಣು ಮಬ್ಬಾಗುತ್ತ ಬಂದಿತ್ತು. ಸಾಲಿ ಮುಗಿಯುತ್ತಲೇ ಮಗಳು ಭಟ್ಟಿಯ ಮುಂದೆ ಕೂತು ಜರಡಿ ಹಿಡಿಯಬೇಕು, ಇಲ್ಲವೇ ಹೊಳೆಯಾಚೆಯ ಸರ್ವೆ ಸಾಲಿಗೆ ಸೇರಿ ಭೂಮಿ ಅಳೆಯುವ ಕೆಲಸ ಕಲಿಯಬೇಕು. ಸರ್ವೆ ಸಾಲಿಯ ಹುಚ್ಚು ಅವಳಿಗೆ ಹಿಡಿದದ್ದು ರಸ್ತೆ ಅಳೆಯುವವರು ಊರಿಗೆ ಬಂದಾಗ. ದಿನವೆಲ್ಲ ಅವರ ಸರಪಳಿಯ ತುದಿ ಹಿಡಿದು ಓಡಾಡಿದವಳಿಗೆ ಸಂಜೆ ಮೂರು ಕಾಲಿನ ದುರ್ಬೀನಿನಲ್ಲಿ ಒಮ್ಮೆ ನೋಡಲು ಬಿಟ್ಟರಂತೆ. ಅಲ್ಲಿಗೆ ಮುಗಿಯಿತು.

ಆ ಸಾಲಿಗೆ ಸೇರಲು ಪರೀಕ್ಷೆ ಬರೆಯಬೇಕು, ಪರೀಕ್ಷೆಯೆಂದರೆ ಪೂರ್ತಿ ಗಣಿತ, ಬರೀ ಅಂಕಿ ಚಿತ್ರಗಳು, ಮತ್ತು ಅದು ನಡೆಯುವುದು ನಮ್ಮಲ್ಲಿ ಇತಿಹಾಸದ ಪಾಳಿ ಮುಗಿಯುವ ಹೊತ್ತಿಗೆ. ಅಂದರೆ ನಮ್ಮ ಮಕ್ಕಳ ತಲೆ ತೊಳೆದಿಟ್ಟ ಹಲಗೆಯಾಗಿರುವಾಗ. ನಮ್ಮೂರಿನಿಂದ ಅಲ್ಲಿಗೆ ಹೋಗಿ ಪಾಸಾದವರು ಒಬ್ಬರೂ ಇಲ್ಲ. ಸರ್ವೆ ನಮ್ಮ ಮಕ್ಕಳ ಹಣೆಯಲ್ಲಿ ಬರೆದಿಲ್ಲ ಎಂದು ಹಿರಿಯರು ಸಮಾಧಾನ ಮಾಡಿಕೊಂಡಿದ್ದರು.

ಗಣಿತದ ಪಾಳಿಯ ಕೊನೆಯ ದಿನ, ಹಲಗೆ ತೊಳೆದಾದ ಮೇಲೆ, ನೀಲಗಂಗಾ ನನ್ನ ಬೆನ್ನಿಗೇ ಮನೆಗೆ ಬಂದಳು. ಕೆನ್ನೆಯ ಊತ ಇನ್ನೂ ಪೂರ್ತಿ ಇಳಿದಿರಲಿಲ್ಲ. ತಪ್ಪಿಹೋದ ಅಧ್ಯಾಯವನ್ನು ಈಗಲೇ ಹೇಳಿಕೊಡಬೇಕಂತೆ. ಬೆಳಗಾದರೆ ಎಲ್ಲ ಹೋಗುವುದಿದೆ, ಈಗ ಕಲಿತು ಏನು ಗುಡ್ಡೆ ಹಾಕುತ್ತೀ ಎಂದು ನಾನು ರೇಗಿದೆ. ಅವಳು ಅಲುಗಲಿಲ್ಲ.

"ಹೋಗೂದ ಹೋಗಲಿ ಅಕ್ಕೋರ. ಒಮ್ಮೆ ನನಗ ತಿಳದಿತ್ತು ಅಂತರ ಆಗಲಿ."

ಗೊಣಗುತ್ತಲೇ ಚಾಪೆ ಹಾಸಿದೆ. ಕೂಡಿಸಿಕೊಂಡು ಆದಷ್ಟು ಹೇಳಿದೆ. ಮರುದಿನ ಬೆಳಿಗ್ಗೆ ನಾನು ಚಹಾಕ್ಕಿಟ್ಟು ನಿಂತಿದ್ದಾಗ ಮತ್ತೆ ಬಂದು, ನಿನ್ನೆಯ ಮೂರನೆಯ ಲೆಕ್ಕದಲ್ಲಿ ಉತ್ತರ ಹಾಗೇಕೆ ಬಂತು ಎಂದು ಬಾಗಿಲಲ್ಲೇ ಕೇಳಿದಳು. ಅಷ್ಟೂ ಗೊತ್ತಾಗಲಿಲ್ಲವೇನೇ ಎಂದು ಬೈಯುತ್ತ, ಸೌಟು ಹಿಡಿದುಕೊಂಡೇ ಪೂರ್ತಿ ಬಿಡಿಸಿ ಹೇಳಿದೆ. ಹೇಳಿ ಮುಗಿಸಿದ ಮೇಲೆ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಚಹಾ ಉಕ್ಕಿ ಒಲೆಯ ಮೇಲೆ ಸುರಿಯಿತು. ಹೋಗಬೇಕಾದದ್ದು ಹೋಗಿರಲಿಲ್ಲ. ಇಷ್ಟು ವರ್ಷ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ, ಯಾಕೆಂದರೆ ಹಲಗೆ ತೊಳೆದ ಮೇಲೆ ಲೆಕ್ಕ ಕೇಳುವ ಹುಚ್ಚು ಯಾರಿಗೂ ಇರಲಿಲ್ಲ.

ಅಂದಿನಿಂದ ದಿನಾ ಬೆಳಿಗ್ಗೆ ಒಂದು ಲೆಕ್ಕ ಎಂದು ಗೊತ್ತುಮಾಡಿಕೊಂಡೆವು. ಚಹಾ ಕುದಿಯುವಷ್ಟು ಹೊತ್ತು, ಅದಕ್ಕಿಂತ ಹೆಚ್ಚಿಲ್ಲ. ದಿನಕ್ಕೊಂದು ಸಲ ಮುಟ್ಟಿದರೆ ಅದು ಇರುತ್ತದೆ ಎಂಬುದಷ್ಟೇ ನಮಗೆ ಗೊತ್ತಿದ್ದದ್ದು. ನನಗಂತೂ ಸುಖವೋ ಸುಖ. ಪಾಳಿ ಮುಗಿದ ಮೇಲೆ ಮಕ್ಕಳ ನೀರಿನ ಹಂಡೆ ಕಾಯುವ ಕೆಲಸಕ್ಕೆ ನನ್ನನ್ನು ಹಚ್ಚುತ್ತಿದ್ದರು. ಆ ವರ್ಷ ಹಂಡೆಯ ಪಕ್ಕದಲ್ಲಿ ಕೂತು, ಒಳಗೊಳಗೇ ವರ್ಗಮೂಲ ತೆಗೆಯುತ್ತ, ಮದುವೆಮನೆಯಲ್ಲಿ ಕೂತವಳ ಹಾಗೆ ನಗುತ್ತಿದ್ದೆ. ತ್ರಿಕೋನಮಿತಿ ದಿನಕ್ಕಿಷ್ಟು ಮುಂದೆ ಸಾಗಿತು. ಪಾಳಿಯಲ್ಲಿ ನಾನು ಒಂದು ದಿನದಲ್ಲಿ ತುರುಕುತ್ತಿದ್ದದ್ದನ್ನು ಅವಳು ಚೂರು ಚೂರಾಗಿ ತಿಂದು ಅರಗಿಸಿಕೊಂಡಳು. ಇದನ್ನು ಒಪ್ಪಿಕೊಳ್ಳಲು ನನಗೆ ಕಷ್ಟವಾಯಿತು, ಆದರೂ ಕಂಡದ್ದನ್ನು ಇಲ್ಲವೆನ್ನುವುದು ಹೇಗೆ?

ಇಂಥದ್ದು ಎಷ್ಟು ದಿನ ಮುಚ್ಚಿಟ್ಟುಕೊಳ್ಳಲು ಆಗುತ್ತದೆ? ಇತಿಹಾಸದ ಮಾಸ್ತರು ಒಬ್ಬ ಅರಸನ ದಂಡಯಾತ್ರೆ ವರ್ಣಿಸುತ್ತಿದ್ದಾಗ ಈ ಹುಡುಗಿ ಎದ್ದು, ಅಷ್ಟು ದಂಡು ಅಷ್ಟು ದೂರ ಅಷ್ಟೇ ದಿನದಲ್ಲಿ ನಡೆಯಲು ಬರುವುದಿಲ್ಲ ಎಂದಳಂತೆ. ಅವರು ನೇರ ಹೆಡ್ಮಾಸ್ತರರ ಹತ್ತಿರ ಹೋದರು. ನಮ್ಮ ಹೆಡ್ಮಾಸ್ತರರು ಗುರುಪಾದಪ್ಪನವರು, ಒಳ್ಳೆಯ ಮನುಷ್ಯ, ಅಂಜುಬುರುಕ. ನನ್ನನ್ನು ಕರೆಸಿ, ಕುರ್ಚಿ ಕೊಟ್ಟು, ನೀರು ಕೊಟ್ಟು, ಆಮೇಲೆ ಶುರುಮಾಡಿದರು. ಒಂದು ತಲೆಯಲ್ಲಿ ಎರಡು ವಿಷಯ ಇಟ್ಟರೆ ಎರಡೂ ಕೆಡುತ್ತವೆ, ತುಂಡು ತುಂಡು ಕಲಿಸುವುದು ಹೊಳೆಯಾಚೆಯವರ ರೋಗ, ಒಂದು ಮಗುವಿಗೆ ಕಲಿಸಿದರೆ ನಾಳೆ ಎಲ್ಲರೂ ಕೇಳುತ್ತಾರೆ, ಆಗ ಪಾಳಿಯ ಗತಿಯೇನು ಎಂದರು. ಕೊನೆಯದು ಅವರ ನಿಜವಾದ ಹೆದರಿಕೆ ಎಂದು ನನಗೆ ತಿಳಿಯಿತು. ಇದನ್ನು ಬಿಡಬೇಕು, ಇಲ್ಲವಾದರೆ ಆ ಹುಡುಗಿಯನ್ನು ಕೋಣೆಗೆ ಸೇರಿಸುವುದಿಲ್ಲ ಎಂದರು.

ನನ್ನ ಬಾಯಿ ಸುಮ್ಮನಿರುವ ಜಾತಿಯದಲ್ಲ. "ಸರ, ಮುಂಜಾನೆ ನನ್ನ ಮನ್ಯಾಗ ಕುದಿಯೂ ಚಾ ನಿಮ್ಮ ಪಾಳ್ಯಾಗ ಬರೂದಿಲ್ರಿ. ಆಕಿನ್ನ ಹೊರಗ ಹಾಕಿದ್ರ ಹಾಕ್ರಿ, ನಾನೂ ಹಂಡೆ ಬಿಟ್ಟ ಆಕಿ ಜೋಡಿ ಬೇವಿನ ಗಿಡದ ಬುಡಕ ಕುಂದರತೀನಿ. ಹೋಗೂ ಬರೂ ಮಂದಿ ಯಾಕ ಅಂತ ಕೇಳತಾರ, ಹೇಳತೀನಿ."

ಅವರು ಕನ್ನಡಕ ತೆಗೆದು ಒರೆಸಿದರು. ಇತಿಹಾಸದ ಕೋಣೆಯಲ್ಲಿ ಲೆಕ್ಕದ ಬಾಯಿ ತೆರೆಯಬಾರದು, ಅಷ್ಟನ್ನಾದರೂ ನಡೆಸಿಕೊಡಿ ಎಂದರು. ಅಷ್ಟಕ್ಕೆ ನಾನೂ ಒಪ್ಪಿದೆ, ನೀಲಗಂಗಾಳೂ ಒಪ್ಪಿದಳು. ಅರಸರು ಬೇಕಾದಷ್ಟು ದೂರ ಬೇಕಾದಷ್ಟು ಬೇಗ ನಡೆದುಕೊಂಡು ಹೋದರು.

ಇತಿಹಾಸದ ಪಾಳಿಯಲ್ಲಿ ಇಡೀ ಸಾಲಿ ಕೋಟೆ ನೋಡಲು ಹೋಗುವ ರೂಢಿ ಇದೆ. ಪಾಠ ಮುಂಜಾನೆಯಿಂದ ಸಂಜೆಯವರೆಗೆ ಇರುವುದರಿಂದ ಪ್ರವಾಸವೂ ಹಾಗೆಯೇ, ನಡುವೆ ಉಸಿರು ಬಿಡಲು ಜಾಗವಿಲ್ಲ. ಕತ್ತಲಿರುವಾಗಲೇ ಬಸ್ಸುಗಳು ಬಂದು ನಿಂತವು. ಇವತ್ತಿನ ಲೆಕ್ಕ ಬಸ್ಸಿನಲ್ಲಿ ಮಾಡೋಣ ಎಂದು ನೀಲಗಂಗಾಗೆ ಹೇಳಿದ್ದೆ. ಅವಳನ್ನು ಗಿಳಿ ಬಸ್ಸಿಗೆ ಹತ್ತಿಸಿದರು, ನನ್ನನ್ನು ಸಣ್ಣ ಮಕ್ಕಳ ಜೊತೆ ಆನೆ ಬಸ್ಸಿಗೆ ತಳ್ಳಿದರು. ಘಾಟಿನ ತಿರುವಿನಲ್ಲಿ ಒಂದು ಮಗು ವಾಂತಿ ಮಾಡಿತು, ಅದನ್ನು ನೋಡಿ ಇನ್ನೊಂದು, ಆಮೇಲೆ ಸಾಲುಹಿಡಿದು ಎಲ್ಲ. ಕೋಟೆಯಲ್ಲಿ ಇಬ್ಬರು ಕಳೆದುಹೋದರು, ಭೂಗೋಳ ಇಲ್ಲದ ತಿಂಗಳು ನೋಡಿ. ಹುಡುಕಿ ತಂದು, ಬೈದು, ಮುದ್ದುಮಾಡಿ, ಎಣಿಸಿ ಎಣಿಸಿ ಬಸ್ಸಿಗೆ ತುಂಬಿ, ಮನೆಗೆ ಬಂದವಳು ಉಟ್ಟ ಸೀರೆಯಲ್ಲೇ ಚಾಪೆಯ ಮೇಲೆ ಬಿದ್ದೆ. ಇದನ್ನು ಗುರುಪಾದಪ್ಪನವರ ತಲೆಗೆ ಕಟ್ಟಲು ನನಗೆ ಬಹಳ ಆಸೆ. ಆದರೆ ಆ ದಿನದ ಲೆಕ್ಕ ಮರೆತವಳು ನಾನೇ.

ಬೆಳಿಗ್ಗೆ ನೀಲಗಂಗಾ ಬಂದು ಹಾಳೆ ನನ್ನ ಮುಂದಿಟ್ಟಳು. ನಿನ್ನೆ ಬಸ್ಸಿನಲ್ಲಿ ಅಂಗೈ ಮೇಲೆ ಬರೆದುಕೊಂಡು ತಾನೇ ಒಂದು ಲೆಕ್ಕ ಮಾಡಿದ್ದೇನೆ, ಸರಿ ಇದೆಯೋ ನೋಡಿ ಎಂದಳು. ನೋಡಿದೆ. ಗೀರುಗಳಿದ್ದವು, ಮೂರು ಮೂಲೆಯ ಒಂದು ಚಿತ್ರವಿತ್ತು. ಹತ್ತಿರ ಹಿಡಿದು ನೋಡಿದರೂ ಗೀರುಗಳು ಗೀರುಗಳಾಗಿಯೇ ಉಳಿದವು. ಸರಿ ಐತಿ ಬಿಡು ಎಂದು ಹಾಳೆ ತಿರುಗಿಸಿ ಕೊಟ್ಟೆ. ಅವಳು ತೆಗೆದುಕೊಳ್ಳಲಿಲ್ಲ, ನನ್ನ ಮುಖವನ್ನೇ ನೋಡುತ್ತ ನಿಂತಳು.

"ಅಕ್ಕೋರ, ಅದನ್ನ ನಾನು ಬೇಕಂತ ತಪ್ಪ ಮಾಡಿ ತಂದೇನ್ರಿ. ನೀವು ಬೈದು ತಿದ್ದೂದು ನೋಡಿದ್ರ ನನಗ ನೆಟ್ಟಗ ನೆನಪ ಉಳಿತೈತಿ ಅಂತ."

ನಾನು ಅತ್ತೆ. ಸುಳ್ಳು ಯಾಕೆ ಹೇಳಲಿ, ಆ ಹುಡುಗಿಯ ಮುಂದೆ ಸೆರಗು ಬಾಯಿಗೆ ಹಿಡಿದು ಅತ್ತೆ. ಪಾಳಿ ಮುಗಿದು ಎಲ್ಲರ ಜೊತೆ ಕಳೆದುಕೊಳ್ಳುವುದು ಬೇರೆ, ಇಟ್ಟುಕೊಂಡಿದ್ದದ್ದನ್ನು ಒಬ್ಬಳೇ ಕಳೆದುಕೊಳ್ಳುವುದು ಬೇರೆ. ಅವಳು ನನ್ನ ಪಕ್ಕದಲ್ಲಿ ಕೂತು, ಮೊದಲಿನಿಂದ ನಾನು ಹೇಳಿಕೊಡುತ್ತೇನೆ, ಬರುತ್ತದೆ ಎಂದಳು. ಕಣ್ಣೊರೆಸಿಕೊಂಡು ಖಡಾಖಂಡಿತ ಬೇಡವೆಂದೆ. ಪರೀಕ್ಷೆ ಹತ್ತಿರ ಬಂದಿತ್ತು. ಪುಸ್ತಕದಲ್ಲಿ ಇನ್ನೂ ಕೆಲವು ಪುಟಗಳು ಉಳಿದಿದ್ದವು. ನನ್ನನ್ನು ಎತ್ತಲು ಕೂತರೆ ಅವಳು ಮುಳುಗುತ್ತಾಳೆ. ಪರೀಕ್ಷೆ ಮುಗಿಯುವವರೆಗೆ ಆ ಮಾತು ಎತ್ತಕೂಡದು ಎಂದು ಆಣೆ ಹಾಕಿದೆ.

ಆದರೆ ಬೆಳಗಿನ ಲೆಕ್ಕ ಬಿಡಲಿಲ್ಲ. ಅವಳು ಬರುವುದು ತಡವಾದರೆ ನಾನೇ ಭಟ್ಟಿಯ ತನಕ ಹೋಗಿ ಎಳೆದು ತರುತ್ತಿದ್ದೆ. ಉಳಿದ ಪುಟಗಳ ಅಂಕಿ, ಚಿತ್ರ ನೋಡಿ ಅವಳು ತಾನೇ ಬಿಡಿಸಬೇಕಾಗಿತ್ತು. ನಾನು ಎದುರಿಗೆ ಕೂತು ಪ್ರತಿ ಸಾಲಿಗೂ ಯಾಕೆ ಎಂದು ಕೇಳುತ್ತಿದ್ದೆ. ನನಗೆ ಬೇರೆ ಏನೂ ಕೇಳಲು ಬರುತ್ತಿರಲಿಲ್ಲ. ಮೊದಮೊದಲು ಅವಳು ತಾಳ್ಮೆಯಿಂದ ಹೇಳಿದಳು, ಆಮೇಲೆ ಸಿಡಿಮಿಡಿಗೊಂಡಳು, ಒಂದು ದಿನ ಪೆನ್ಸಿಲ್ಲು ಎಸೆದು ಎದ್ದೇ ಹೋದಳು. ಮರುದಿನ ಬಂದು, ನೀವು ಕೇಳಿದ ಯಾಕೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ, ಅದಕ್ಕೇ ಸಿಟ್ಟು ಬಂತು, ಈಗ ಇದೆ ಎಂದು ಕೂತಳು. ಉತ್ತರ ಹೇಳಿದಳು. ನನಗೆ ಒಂದಕ್ಷರ ತಿಳಿಯಲಿಲ್ಲ, ಆದರೆ ಅವಳ ದನಿ ಎಲ್ಲೂ ತಡವರಿಸಲಿಲ್ಲ.

ಪರೀಕ್ಷೆಯ ದಿನ ನಾನೂ ಜೊತೆಗೆ ಹೊರಟೆ. ಬಸಲಿಂಗವ್ವ ಚುರಮುರಿ ಗಂಟು ಕಟ್ಟಿಕೊಟ್ಟು, ಮಗಳ ತಲೆ ಸವರಿ, ಆದರ ಆತು, ಇಲ್ಲಂದ್ರ ಭಟ್ಟಿ ಎಲ್ಲಿ ಹೋಗತೈತಿ ಎಂದಳು. ಅವಳ ಕಣ್ಣಿನಲ್ಲಿ ನೀರಿತ್ತು, ಹೊಗೆ ಎಂದು ಒರೆಸಿಕೊಂಡಳು. ಬಸ್ ನಿಲ್ದಾಣದಲ್ಲಿ ಗುರುಪಾದಪ್ಪನವರು ನಿಂತಿದ್ದರು. ಯಾರಿಗೂ ಕೇಳಿಸದಂತೆ ನನ್ನ ಹತ್ತಿರ ಬಂದು, ನಿಜವಾಗಿ ಅದು ಉಳಿದಿದೆಯೇ ಎಂದು ಕೇಳಿದರು. ಅವಳ ತಲೆಯಲ್ಲಿ ಇದೆ, ನನ್ನ ತಲೆಯಿಂದ ಹೋಯಿತು ಎಂದೆ. ಒಂದೇ ದಿನ ತಪ್ಪಿದ್ದಕ್ಕೆ ಎಂದೂ ಹೇಳಿದೆ. ಅವರು ದೂರ ಸರಿದು ನಿಂತರು. ಬಸ್ಸು ಹೊರಡುವಾಗ ಕಿಟಕಿಯ ಹತ್ತಿರ ಬಂದು, ಮಗಾ, ಸಾವಕಾಶ ಬರಿ ಎಂದು ನೀಲಗಂಗಾಗೆ ಹೇಳಿದರು.

ಸರ್ವೆ ಸಾಲಿಯಲ್ಲಿ ಬೆಳಿಗ್ಗೆ ಪರೀಕ್ಷೆ ಮುಗಿಸಿ, ಸಂಜೆ ಇಳಿಹೊತ್ತಿಗೆ ಜಗುಲಿಯ ಮೇಲೆ ನಿಂತು ಪಾಸಾದವರ ಹೆಸರು ಕೂಗುತ್ತಾರೆ. ಕೂಗಿದವರು ಎದ್ದು ಒಳಗೆ ಹೋಗಬೇಕು. ಹೊರಗೆ ಬಂದ ನೀಲಗಂಗಾ ತಾನು ಏನೇನು ಬರೆದೆ ಎಂದು ಒಂದೊಂದೇ ಹೇಳಿದಳು. ಸರಿಯೋ ತಪ್ಪೋ ಎಂದು ಹೇಳಲು ನನಗೆ ಬರಲಿಲ್ಲ. ಜೀವಮಾನವೆಲ್ಲ ಅದೊಂದನ್ನೇ ಮಾಡಿದವಳು ನಾನು. ಚುರಮುರಿ ಗಂಟು ಬಿಚ್ಚಿ, ಒಂದೊಂದು ಹಿಡಿ ತಿಂದು ಮತ್ತೆ ಕಟ್ಟಿದೆವು. ಅಂಗಳದ ನಡುವೆ ಬಾವುಟದ ಕಂಬವೊಂದಿತ್ತು, ಅದರ ನೆರಳು ನಮ್ಮ ಕಾಲಿನ ತನಕ ಬಂದಿತ್ತು. ಅವಳು ಎದ್ದು ಹೋಗಿ ಒಂದು ಕೋಲು ತಂದು ನೆಲಕ್ಕೆ ನೆಟ್ಟಳು.

"ಪರೀಕ್ಷಾ ಮುಗೀತ್ರಿ. ಈಗ ನಿಮ್ಮ ಆಣಿ ಇಲ್ಲ. ಕುಂದರ್ರಿ."

ಒಮ್ಮೆ ಹೋದದ್ದು ಪಾಳಿ ಇಲ್ಲದೆ ಮತ್ತೆ ಬಂದದ್ದನ್ನು ನಮ್ಮೂರಿನಲ್ಲಿ ಯಾರೂ ಕಂಡಿಲ್ಲ, ಸುಮ್ಮನೆ ದಣಿಯಬೇಡ ಎಂದೆ. ಅವಳು ಕಿವಿಗೆ ಹಾಕಿಕೊಳ್ಳಲಿಲ್ಲ. ಕೋಲು ಎರಡು ಗೇಣು, ಅದರ ನೆರಳು ಮೂರು ಗೇಣು, ಅಳೆದು ತೋರಿಸಿದಳು. ಕಂಬದ ನೆರಳನ್ನು ನನ್ನಿಂದಲೇ ಅಳೆಸಿದಳು. ನೆಲದ ಮೇಲೆ ಕುಕ್ಕರಿಸಿ ಗೇಣು ಹಾಕುತ್ತ ಹೋದೆ, ಅಲ್ಲಿದ್ದ ಹುಡುಗರು ನಕ್ಕರು, ನಗಲಿ ಎಂದುಕೊಂಡೆ. ಮೂವತ್ತಾರು ಗೇಣು ಬಂತು. ಕಂಬದ ಎತ್ತರ ಎಷ್ಟು ಎಂದಳು. ಹತ್ತಿ ನೋಡಬೇಕು ಎಂದೆ. ಹತ್ತದೆ ಹೇಳಿ ಎಂದಳು. ಕಂಬಕ್ಕೂ ಕೋಲಿಗೂ ಏನು ಸಂಬಂಧ, ಅದು ಅದರ ಪಾಡಿಗೆ, ಇದು ಇದರ ಪಾಡಿಗೆ ನಿಂತಿದೆ ಎಂದು ರೇಗಿದೆ. ಅವಳು ಮತ್ತೆ ಮೊದಲಿನಿಂದ ಹೇಳಿದಳು. ತಿಳಿಯಲಿಲ್ಲ. ಇನ್ನೊಮ್ಮೆ ಹೇಳು ಎಂದೆ. ಹೇಳಿದಳು. ಆಗಲೂ ಇಲ್ಲ. ಇನ್ನೊಮ್ಮೆ ಎಂದೆ.

ಅಷ್ಟರಲ್ಲಿ ಜಗುಲಿಯ ಮೇಲೆ ಹೆಸರು ಕೂಗಲು ಶುರುಮಾಡಿದರು. ಒಬ್ಬೊಬ್ಬರೇ ಎದ್ದು ಹೋಗುತ್ತಿದ್ದರು. ನನ್ನ ಕಿವಿ ಎರಡೂ ಅತ್ತಲೇ ಇದ್ದವು. ಅವಳು ಮಾತ್ರ ನನ್ನ ಗಲ್ಲ ಹಿಡಿದು ಕೋಲಿನ ಕಡೆಗೆ ತಿರುಗಿಸಿ, ಎರಡಕ್ಕೂ ಸೂರ್ಯ ಒಬ್ಬನೇ ಅಲ್ಲವೇ ಎಂದು ಮೆಲ್ಲಗೆ ಕೇಳಿದಳು. ಕೋಲನ್ನು ನೋಡಿದೆ, ಕಂಬವನ್ನು ನೋಡಿದೆ. ಎಲ್ಲೋ ಏನೋ ಚೂರು ಅಲುಗಿತು. ಸಂತೆಯಲ್ಲಿ ಮಾಡುವ ಹಾಗೆ ಬೆರಳಿನ ಗೆಣ್ಣುಗಳ ಮೇಲೆ ಮೂರು ಮೂರಾಗಿ ಎಣಿಸತೊಡಗಿದೆ.

"ನೀಲಗಂಗಾ ಬಸಲಿಂಗವ್ವ" ಎಂದು ಜಗುಲಿಯಿಂದ ಕೂಗಿದರು.

ಏಳ, ನಿನ್ನ ಹೆಸರು, ಏಳ ಎಂದು ಅವಳ ಭುಜ ದೂಡಿದೆ. ಅವಳ ಮುಖ ಅರಳಿತು, ಕಣ್ಣು ತುಂಬಿಬಂತು, ಆದರೆ ಕೂತಲ್ಲಿಂದ ಕದಲಲಿಲ್ಲ.

"ಇನ್ನೊಮ್ಮೆ ಕೂಗತಾರ್ರಿ. ನೀವು ಬಿಡಬ್ಯಾಡ್ರಿ. ಎಷ್ಟ ಮೂರು ಆದುವು?"

"ಹನ್ನೆರಡು" ಎಂದೆ. ಹನ್ನೆರಡು ಮೂರಕ್ಕೆ ಹನ್ನೆರಡು ಎರಡು. ಮತ್ತೆ ಗೆಣ್ಣುಗಳ ಮೇಲೆ ಹೆಬ್ಬೆರಳು ಓಡಿಸಿದೆ. ಜಗುಲಿಯಿಂದ ಎರಡನೆಯ ಸಲ ಅವಳ ಹೆಸರು ಕೂಗಿದರು.

"ಇಪ್ಪತ್ನಾಕು ಗೇಣು" ಎಂದೆ.

"ಸರಿ ಐತ್ರಿ" ಎಂದಳು. ಆಮೇಲೆ ಎದ್ದು, ಲಂಗದ ಮಣ್ಣು ಕೊಡವಿಕೊಂಡು, ಜಗುಲಿಯ ಕಡೆ ಓಡಿದಳು.